ಕಾಕಾ ರಿಪೇರಿ ಮಾಡಿಟ್ಟಿದ್ದ ಮರ್ಫಿ ರೇಡಿಯೋ

ಅಟ್ಟದ ಮೇಲಿಂದ ಹಳೇ ವಾಲ್ವ್ ರೇಡಿಯೋ, ಅಂದರೆ ಟ್ರಾನ್ಸಿಸ್ಟರ್‌ಗಿಂತ ಹಿಂದಿನ ಗಾಜಿನ ಕೊಳವೆಗಳ ಸೆಟ್, ಇಳಿಸಿದವರು ಮೊದಲು ಮಾಡುವ ಕೆಲಸ ಒಂದೇ. ದೂಳು ಒರೆಸಿ, ಪ್ಲಗ್ ಸಿಕ್ಕಿಸಿ, ಸ್ವಿಚ್ ಹಾಕಿ ನೋಡುವುದು. ದಯವಿಟ್ಟು ಹಾಗೆ ಮಾಡಬೇಡಿ. ವರ್ಷಗಟ್ಟಲೆ ಸುಮ್ನೆ ಕೂತ ಸೆಟ್‌ನಲ್ಲಿ ಚಾರ್ಜ್ ಹಿಡಿದಿಡುವ ಕಂಡೆನ್ಸರ್‌ಗಳು ಒಣಗಿರುತ್ತವೆ. ಕೆಲವು ಒಳಗೊಳಗೇ ಶಾರ್ಟ್ ಆಗಿರುತ್ತವೆ. ಕರೆಂಟ್ ಕೊಟ್ಟ ಕೆಲವೇ ನಿಮಿಷದಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಹುಡುಕಿದರೆ ವಾಲ್ವ್ ಸಿಗುತ್ತದೆ, ಕಂಡೆನ್ಸರ್ ಸಿಗುತ್ತದೆ. ಆ ಟ್ರಾನ್ಸ್‌ಫಾರ್ಮರ್ ಮಾತ್ರ ಅಂಗಡಿಯಲ್ಲಿ ಸಿಗುವುದಿಲ್ಲ. ತಂತಿ ಬಿಚ್ಚಿ ಹೊಸದಾಗಿ ಸುತ್ತಿಸಬೇಕು. ಸುತ್ತುವವರೂ ಈಗ ಕಡಿಮೆ.

ನಮ್ಮ ಕಾಕಾ ಇದನ್ನು ಮೊದಲೇ ಯೋಚಿಸಿದ್ದರು. ರೇಡಿಯೋ ಅಟ್ಟಕ್ಕೆ ಹಾಕುವಾಗ ಅದರ ಪ್ಲಗ್ ಬಿಚ್ಚಿ, ಎರಡು ತಂತಿಯ ತುದಿಗೆ ಬೇರೆ ಬೇರೆ ಬಟ್ಟೆ ಸುತ್ತಿ, ದಾರ ಕಟ್ಟಿದ್ದರು. ಮುಂದೆ ಯಾರಾದರೂ ಹುಡುಗರು ತೆಗೆದು ಕರೆಂಟ್ ಕೊಟ್ಟುಬಿಡಬಾರದು ಅಂತ. ಅವರ ಕೆಲಸವೆಲ್ಲ ಹೀಗೇ ಇರುತ್ತಿತ್ತು.

ಕಾಕಾ ಅಂದರೆ ನಮ್ಮಪ್ಪನ ತಮ್ಮ. ಗದಗ ಜಿಲ್ಲೆಯ ಮುಂಡರಗಿಯಲ್ಲಿ ಹೈಸ್ಕೂಲ್ ಮಾಸ್ತರರಾಗಿದ್ದರು, ವಿಜ್ಞಾನ ಕಲಿಸುತ್ತಿದ್ದರು. ಸಂಜೆಯಾದರೆ ಪಡಸಾಲೆಯಲ್ಲಿ ಚಾಪೆ ಹಾಸಿ ರೇಡಿಯೋ ಬಿಚ್ಚಿಕೊಂಡು ಕೂರುತ್ತಿದ್ದರು. ಊರಿನವರ ಸೆಟ್‌ಗಳು ಅವರ ಹತ್ತಿರ ಬರುತ್ತಿದ್ದವು. ಸಾಮಾನಿನ ದುಡ್ಡು ಬಿಟ್ಟು ಕೈಗೂಲಿ ತಗೊಂಡಿದ್ದು ನಾನು ನೋಡಿಲ್ಲ. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಸೇರಿದ್ದಕ್ಕೂ ಅವರೇ ಕಾರಣ. ರಜಕ್ಕೆ ಹೋದಾಗ ಸೋಲ್ಡರ್ ಹಿಡಿಯಲು ಕಲಿಸಿದ್ದು ಅವರೇ. ಅವರು ತೀರಿಕೊಂಡ ಮರುವರ್ಷ, 2016ರ ಬೇಸಿಗೆಯಲ್ಲಿ, ಅವರ ಹೆಂಡತಿ, ನಮ್ಮ ಕಾಕು, ಫೋನ್ ಮಾಡಿ ರೇಡಿಯೋ ಒಯ್ದು ಸರಿಮಾಡಿಕೊಂಡು ಬಾ ಅಂದರು. ಜೊತೆಗೆ ಒಂದು ಮಾತು ಸೇರಿಸಿದರು: "ತಮ್ಮಾ, ಒಳಗಿನ ಸಾಮಾನೆಲ್ಲಾ ತಗದು ಬರೀ ಡಬ್ಬಿ ಮಾಡಿ ಕೊಡಬ್ಯಾಡಪಾ."

ಕೆಲಸ ಮುಗಿಯುವವರೆಗೂ ಆ ಮಾತು ನನ್ನ ತಲೆಯಲ್ಲಿತ್ತು. ಯಾಕೆಂದರೆ ರಿಪೇರಿ ಅಂದರೆ ಬದಲಾಯಿಸುವುದೇ. ಯಾವುದನ್ನು ಬದಲಾಯಿಸಬೇಕು, ಯಾವುದನ್ನು ಮುಟ್ಟಬಾರದು ಅನ್ನುವುದೇ ಇಲ್ಲಿ ದೊಡ್ಡ ಪ್ರಶ್ನೆ.

ಸೆಟ್ ಮರ್ಫಿ. ಬಾಯಿಗೆ ಬೆರಳಿಟ್ಟುಕೊಂಡ ಮಗುವಿನ ಚಿತ್ರದ ಕ್ಯಾಲೆಂಡರ್ ನೆನಪಿರುವವರಿಗೆ ಹೆಚ್ಚು ಹೇಳಬೇಕಿಲ್ಲ. ಕಟ್ಟಿಗೆಯ ಕ್ಯಾಬಿನೆಟ್, ಮುಂದೆ ಬಟ್ಟೆ, ಕೆಳಗೆ ಉದ್ದ ಗಾಜಿನ ಡಯಲ್. ಮುಂಬೈ ಪಕ್ಕದ ಠಾಣೆಯಲ್ಲಿ ಅವರ ಕಾರ್ಖಾನೆ ಇತ್ತು. ಕಾಕಾ ಅದನ್ನು ಕೊಂಡಿದ್ದು ಅರವತ್ತರ ದಶಕದಲ್ಲಿ, ನೌಕರಿ ಸಿಕ್ಕ ಹೊಸತರಲ್ಲಿ. ಟ್ರಂಕಿನಲ್ಲಿ ಅದರ ಲೈಸೆನ್ಸ್ ಪುಸ್ತಕವೂ ಸಿಕ್ಕಿತು. ಆಗ ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. ಅಂಚೆ ಕಚೇರಿಗೆ ಹೋಗಿ ವರ್ಷಕ್ಕೆ 15 ರೂಪಾಯಿ ಕಟ್ಟಿ, ಪುಸ್ತಕದಲ್ಲಿ ಅಂಟುಚೀಟಿ ಹಚ್ಚಿಸಿ, ಠಸ್ಸೆ ಹೊಡೆಸಿಕೊಂಡು ಬರಬೇಕು. ಎಂಬತ್ತರ ದಶಕದ ನಡುವೆ ಈ ಪದ್ಧತಿ ನಿಂತಿತು. ಕಾಕಾ ಒಂದು ವರ್ಷವನ್ನೂ ತಪ್ಪಿಸಿಲ್ಲ. ಮನೆಯಲ್ಲಿ ಮಾಸ್ತರ ಸಂಬಳ ಸಾಲದೆ ಒದ್ದಾಡುತ್ತಿದ್ದ ವರ್ಷಗಳ ಚೀಟಿಗಳೂ ಸಾಲಾಗಿ ಇವೆ.

ಇಷ್ಟಕ್ಕೂ ಆ ರೇಡಿಯೋ ಅವರಿಗೆ ಬೇಕಾಗಿದ್ದು ಮುಖ್ಯವಾಗಿ ಧಾರವಾಡಕ್ಕೆ. ಧಾರವಾಡ ಆಕಾಶವಾಣಿ ಶುರುವಾಗಿದ್ದು 1950ರಲ್ಲಿ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಹಾಡುತ್ತಿದ್ದ ನಿಲಯ ಅದು. ಮನಸೂರರು ಅಲ್ಲಿ ಸಂಗೀತ ಸಲಹೆಗಾರರೂ ಆಗಿದ್ದರು. ಮುಂಡರಗಿಯಂಥ ಊರಿನಲ್ಲಿ ಕಛೇರಿಗೆ ಹೋಗಲು ದುಡ್ಡೂ ಇಲ್ಲ, ಬಸ್ಸೂ ಇಲ್ಲ. ಸಂಗೀತ ಮನೆಗೆ ಬಂದಿದ್ದು ಈ ಡಬ್ಬಿಯಿಂದಲೇ.

ನನಗೆ ಟ್ರಾನ್ಸಿಸ್ಟರ್ ಗೊತ್ತು, ಐಸಿ ಗೊತ್ತು. ವಾಲ್ವ್ ನಮ್ಮ ಪಾಠದಲ್ಲಿ ಇರಲಿಲ್ಲ. ಹುಬ್ಬಳ್ಳಿಯಲ್ಲಿ ವಾಲ್ವ್ ಸೆಟ್ ಬಲ್ಲ ಹಿರಿಯ ಮೆಕ್ಯಾನಿಕ್ ಒಬ್ಬರು ಸಿಕ್ಕಿದರು. ಸೆಟ್ ಕೊಟ್ಟುಬಿಡಿ, ಮಾಡಿಕೊಡ್ತೀನಿ ಅಂತ ಅವರು ಹೇಳಬಹುದಿತ್ತು. ಹಾಗೆ ಹೇಳಲಿಲ್ಲ. "ನಿಮ್ಮ ಕಾಕಾನ ಸೆಟ್, ನೀವ ಮಾಡ್ರಿ. ತಿಳೀಲಿಲ್ಲಂದ್ರ ನನ್ನ ಕೇಳ್ರಿ" ಅಂದರು. ಅವರ ಮೊದಲ ಪಾಠ: "ಮೊದಲ ಮೂಗು ಹಚ್ಚಿ ನೋಡ್ರಿ. ಆಮ್ಯಾಲ ಮೀಟರ್ ಹಚ್ಚ್ರಿ."

ಹಿಂದಿನ ರಟ್ಟು ಬಿಚ್ಚಿ ಮೂಗು ಹಚ್ಚಿದೆ. ದೂಳು, ಇಲಿ, ಹಳೇ ಮೇಣ. ಸುಟ್ಟ ವಾಸನೆ ಇರಲಿಲ್ಲ. ಟ್ರಾನ್ಸ್‌ಫಾರ್ಮರ್ ಒಮ್ಮೆ ಸುಟ್ಟಿದ್ದರೆ ಆ ಕಮಟು ವಾಸನೆ ಎಷ್ಟು ವರ್ಷವಾದರೂ ಹೋಗುವುದಿಲ್ಲವಂತೆ. ಆಮೇಲೆ ಮೀಟರ್ ಹಚ್ಚಿದೆ. ಸುರುಳಿಗಳೆಲ್ಲ ಸರಿಯಿದ್ದವು. ಅಲ್ಲಿಗೆ ಅರ್ಧ ಗೆದ್ದ ಹಾಗೆ.

ಇಲ್ಲಿ ಒಂದು ಎಚ್ಚರಿಕೆ ಹೇಳಿ ಮುಂದೆ ಹೋಗುತ್ತೇನೆ. ಎಲ್ಲ ಹಳೇ ಸೆಟ್‌ನಲ್ಲೂ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಎಸಿ-ಡಿಸಿ ಎರಡಕ್ಕೂ ನಡೆಯುವ ಸೆಟ್‌ಗಳಲ್ಲಿ ಕರೆಂಟಿನ ಒಂದು ತಂತಿ ನೇರವಾಗಿ ಚಾಸಿಗೇ, ಅಂದರೆ ಭಾಗಗಳನ್ನು ಕೂರಿಸಿದ ಲೋಹದ ತಟ್ಟೆಗೇ, ಸೇರಿರುತ್ತದೆ. ಪ್ಲಗ್ ತಿರುವುಮುರುವಾದರೆ ಚಾಸಿ ಪೂರ್ತಿ 230 ವೋಲ್ಟ್. ವಾಲ್ವ್ ನಂಬರ್ ನೋಡಿದರೆ ಇದು ಗೊತ್ತಾಗುತ್ತದೆ. 'ಯು' ಅಕ್ಷರದಿಂದ ಶುರುವಾದರೆ, ಅಂದರೆ ಯುಸಿಎಚ್, ಯುಸಿಎಲ್ ಅಂತಿದ್ದರೆ, ಅದು ಆ ಜಾತಿಯದು. ಹೊಸಬರು ಅದರ ತಂಟೆಗೆ ಹೋಗದಿರುವುದು ಒಳ್ಳೆಯದು. 'ಇ' ಅಂತಿದ್ದರೆ ವಾಲ್ವ್ ಒಳಗಿನ ಕಾಯುವ ತಂತಿ, ಹೀಟರ್, 6.3 ವೋಲ್ಟ್‌ನದು, ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರ್ ಸೆಟ್. ನಮ್ಮದರಲ್ಲಿ ಇಸಿಎಚ್ 81, ಇಎಫ್ 89, ಇಬಿಸಿ 81, ಇಎಲ್ 84, ಇಝಡ್ 80 ಇದ್ದವು. ಜೊತೆಗೆ ಸ್ಟೇಷನ್ ಹಿಡಿದಾಗ ಹಸಿರಾಗಿ ಅರಳುವ ಮ್ಯಾಜಿಕ್ ಐ, ಇಎಂ 80.

ಚಾಸಿ ಹೊರಗೆ ತೆಗೆದು ಬೋರಲು ಹಾಕಿದಾಗ ಕೈ ಅಲ್ಲೇ ನಿಂತಿತು. ಒಳಗೆಲ್ಲ ಕಾಕಾ ಅವರ ಅಕ್ಷರ. ಪ್ರತಿ ವಾಲ್ವ್ ಸಾಕೆಟ್ ಪಕ್ಕದಲ್ಲಿ ಕೆಂಪು ಪೆನ್ಸಿಲ್‌ನಿಂದ ವೋಲ್ಟೇಜ್ ಬರೆದಿದ್ದರು. ಎಸಿಯನ್ನು ಡಿಸಿ ಮಾಡುವ ಇಝಡ್ 80 ಪಕ್ಕ 260. ಸ್ಪೀಕರ್‌ಗೆ ಶಕ್ತಿ ಕೊಡುವ ಇಎಲ್ 84ರ ಕ್ಯಾಥೋಡ್ (ಎಲೆಕ್ಟ್ರಾನ್ ಹೊರಡುವ ತುದಿ) ಪಕ್ಕ 7. ಒಂದು ಮೂಲೆಯಲ್ಲಿ "ಕಂ. ಬದಲು" ಅಂತ ಬರೆದು ಕೆಳಗೆ 1971 ಅಂತ ಇತ್ತು. ಅವರು ಹಾಕಿದ ಬೆಸುಗೆ ಯಾವುದು, ಕಾರ್ಖಾನೆಯ ಬೆಸುಗೆ ಯಾವುದು ಅಂತ ನೋಡಿದ ಕೂಡಲೇ ಹೇಳಬಹುದಿತ್ತು. ಕಾಕಾ ತಂತಿಯ ತುದಿಯನ್ನು ಲಗ್‌ಗೆ, ಅಂದರೆ ಬೆಸುಗೆ ಹಾಕುವ ಲೋಹದ ಕಿವಿಗೆ, ಒಂದು ಸುತ್ತು ಪೂರ್ತಿ ಸುತ್ತಿ, ಚಿಮುಟದಿಂದ ಒತ್ತಿ, ಆಮೇಲೆ ಸೋಲ್ಡರ್ ಬಿಡುತ್ತಿದ್ದರು. ನನಗೂ ಹಾಗೇ ಕಲಿಸಿದ್ದರು. "ಬೆಸುಗೆ ಬಿಟ್ಟರೂ ತಂತಿ ಬಿಡಬಾರದು" ಅನ್ನುತ್ತಿದ್ದರು.

ಆ ಏಳು ಮತ್ತು ಇನ್ನೂರ ಅರವತ್ತರ ಬೆಲೆ ಗೊತ್ತಾಗಬೇಕಾದರೆ ಈ ಕೆಲಸ ಮಾಡಿರಬೇಕು. ಸರ್ಕ್ಯೂಟ್ ನಕ್ಷೆ ಸಿಕ್ಕರೂ ಅದರಲ್ಲಿ ಬರೆದ ವೋಲ್ಟೇಜ್ ಹೊಸ ಸೆಟ್‌ಗೆ, ಕಾರ್ಖಾನೆಯ ಲೆಕ್ಕಕ್ಕೆ. ಕಾಕಾ ಬರೆದಿದ್ದು ಇದೇ ಸೆಟ್ ಚೆನ್ನಾಗಿ ಹಾಡುತ್ತಿದ್ದಾಗ ಅಳೆದದ್ದು. ಮುಂದೆ ಬಿಚ್ಚುವವರಿಗೆ ಅಂತಲೇ ಬರೆದಿಟ್ಟ ಹಾಗಿತ್ತು. ಅಲ್ಲಿಂದ ಮುಂದಿನ ಕೆಲಸವನ್ನೆಲ್ಲ ಆ ಕೆಂಪು ಅಂಕಿಗಳನ್ನು ನೋಡಿಕೊಂಡೇ ಮಾಡಿದೆ.

ಮೊದಲು ಶುಚಿ. ಮೆತ್ತನೆ ಬ್ರಶ್, ಸ್ವಲ್ಪ ಸ್ಪಿರಿಟ್, ಮೂಗಿಗೆ ಮಾಸ್ಕ್. ಹಳೇ ಚಾಸಿಗಳಿಗೆ ಕ್ಯಾಡ್ಮಿಯಂ ಲೇಪ ಇರುವುದುಂಟು. ಅದರ ಪುಡಿ ವಿಷ. ಹೊಳೆಯಲಿ ಅಂತ ಮರಳು ಕಾಗದ ಹಾಕಿ ಉಜ್ಜಬಾರದು. ಪೆನ್ಸಿಲ್ ಅಕ್ಷರದ ಹತ್ತಿರ ನಾನು ಸ್ಪಿರಿಟ್ ಒಯ್ಯಲೇ ಇಲ್ಲ. ಒಣ ಬ್ರಶ್ ಅಷ್ಟೇ.

ಆಮೇಲೆ ಕಂಡೆನ್ಸರ್‌ಗಳು. ಫಿಲ್ಟರ್ ಕಂಡೆನ್ಸರ್ ಅಲ್ಯೂಮಿನಿಯಂ ಡಬ್ಬಿಯದು, ಎರಡು 50 ಮೈಕ್ರೋಫ್ಯಾರಡ್ ಒಂದರಲ್ಲೇ. ಒಣಗಿ ಹೋಗಿತ್ತು. ಡಬ್ಬಿಯನ್ನು ಚಾಸಿಯ ಮೇಲೆ ಹಾಗೇ ಬಿಟ್ಟು, ಅದರ ತಂತಿ ಬಿಡಿಸಿ, ಕೆಳಗೆ 47 ಮೈಕ್ರೋಫ್ಯಾರಡ್ 450 ವೋಲ್ಟ್‌ನ ಎರಡು ಹೊಸವು ಹಾಕಿದೆ. ಈಗ ದೊಡ್ಡ ಕಂಡೆನ್ಸರ್ ಅಗ್ಗ ಅಂತ 100, 220 ಹಾಕುವವರಿದ್ದಾರೆ. ಹಾಕಬಾರದು. ಇಝಡ್ 80 ಅನ್ನುವ ರೆಕ್ಟಿಫೈಯರ್ ವಾಲ್ವ್ ತಡೆದುಕೊಳ್ಳುವುದು 50 ಮೈಕ್ರೋಫ್ಯಾರಡ್‌ವರೆಗೆ. ಅದಕ್ಕಿಂತ ಜಾಸ್ತಿ ಆದರೆ ಪ್ರತಿಸಲ ಚಾರ್ಜ್ ತುಂಬುವಾಗ ವಾಲ್ವ್ ಮೇಲೆ ಹೊರೆ ಬಿದ್ದು ಅದು ಬೇಗ ಸಾಯುತ್ತದೆ.

ಕಷ್ಟವಾಗಿದ್ದು ಕಾಕಾ ಅವರೇ 1971ರಲ್ಲಿ ಹಾಕಿದ ಕಂಡೆನ್ಸರ್‌ನದು. ಇಬಿಸಿ 81ರ ಪ್ಲೇಟ್‌ನಿಂದ (ಎಲೆಕ್ಟ್ರಾನ್ ಬಂದು ಸೇರುವ ತುದಿ) ಇಎಲ್ 84ರ ಗ್ರಿಡ್‌ಗೆ (ಅವುಗಳ ಹರಿವನ್ನು ಹತೋಟಿಯಲ್ಲಿಡುವ ಜಾಲರಿ) ಹೋಗುವ ಕಪ್ಲಿಂಗ್ ಕಂಡೆನ್ಸರ್ ಅದು. ಇಡೀ ಸೆಟ್‌ನಲ್ಲಿ ತೀರಾ ಅಪಾಯದ ಜಾಗ. ಒಂದು ಕಡೆ ಹೈ ವೋಲ್ಟೇಜ್, ಇನ್ನೊಂದು ಕಡೆ ಸೊನ್ನೆ ಇರಬೇಕು. ಧ್ವನಿ ಮಾತ್ರ ದಾಟಬೇಕು, ಡಿಸಿ ದಾಟಬಾರದು. ಸ್ವಲ್ಪ ಲೀಕ್ ಆದರೂ ಗ್ರಿಡ್ ಪಾಸಿಟಿವ್ ಆಗಿ ಇಎಲ್ 84 ಮಿತಿಮೀರಿ ಕರೆಂಟ್ ಎಳೆಯುತ್ತದೆ. ಅದರ ಪ್ಲೇಟ್ ಕೆಂಪಗೆ ಕಾಯುತ್ತದೆ. ವಾಲ್ವ್ ಹೋಗುತ್ತದೆ, ಜೊತೆಗೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನೂ ಕರೆದುಕೊಂಡು ಹೋಗುತ್ತದೆ. ಆ ಕಂಡೆನ್ಸರ್‌ನ ಒಂದು ಕಾಲು ಬಿಚ್ಚಿ ಮೀಟರ್ ಹಚ್ಚಿದೆ. ಕೆಲವೇ ಮೆಗಾಓಮ್ ತೋರಿಸಿತು. ಒಳ್ಳೆಯದಾಗಿದ್ದರೆ ಮೀಟರ್ ಏನೂ ತೋರಿಸಬಾರದಿತ್ತು.

ಬದಲಾಯಿಸಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾಕಾ ಅವರ ಕೈಯಿಂದ ಹಾಕಿದ್ದು. ಹುಬ್ಬಳ್ಳಿಯ ಹಿರಿಯರಿಗೆ ಫೋನ್ ಮಾಡಿದೆ. ಅವರು ಒಂದು ದಾರಿ ಹೇಳಿದರು. ಕಂಡೆನ್ಸರ್ ಕಾಗದದ ಕೊಳವೆಯದು, ಎರಡೂ ತುದಿಗೆ ಮೇಣ ತುಂಬಿತ್ತು. ಕೂದಲು ಒಣಗಿಸುವ ಡ್ರೈಯರ್‌ನಿಂದ ಮೆಲ್ಲಗೆ ಕಾಯಿಸಿದೆ. ಮೇಣ ಮೊದಲು ಬೆವರಿತು, ಆಮೇಲೆ ಅಂಚಿನಲ್ಲಿ ಹೊಳೆಯಿತು. ಒಂದು ತುದಿಯಿಂದ ಪೆನ್ಸಿಲ್ ಒತ್ತಿದಾಗ ಒಳಗಿನ ಸುರುಳಿ ಇಡಿಯಾಗಿ ಜಾರಿ ಹೊರಗೆ ಬಂತು. ಬೆಳ್ಳಿಯಂಥ ಹಾಳೆ, ಮಧ್ಯೆ ಕಂದು ಬಣ್ಣಕ್ಕೆ ತಿರುಗಿದ ಕಾಗದ. ಖಾಲಿ ಕೊಳವೆಯೊಳಗೆ ಈಗಿನ ಕಾಲದ 630 ವೋಲ್ಟ್‌ನ ಫಿಲ್ಮ್ ಕಂಡೆನ್ಸರ್ ಇಟ್ಟೆ. ಅದು ಎಷ್ಟು ಚಿಕ್ಕದು ಅಂದರೆ ಸುತ್ತ ಜಾಗ ಉಳಿಯಿತು. ಕಾಗದ ಸುತ್ತಿ ಬಿಗಿ ಮಾಡಿ, ಅದೇ ಹಳೇ ಮೇಣವನ್ನು ಕರಗಿಸಿ ತುದಿಗೆ ಬಿಟ್ಟೆ. ಆಮೇಲೆ ಕಾಕಾ ಸುತ್ತಿದ್ದ ಅದೇ ಲಗ್‌ಗೆ, ಅದೇ ಥರ ಒಂದು ಸುತ್ತು ಸುತ್ತಿ ಬೆಸುಗೆ ಹಾಕಿದೆ. ಹೊರಗಿನಿಂದ ನೋಡಿದರೆ ಅದು ಕಾಕಾ ಹಾಕಿದ ಕಂಡೆನ್ಸರೇ.

ಇದನ್ನು ಎಲ್ಲದಕ್ಕೂ ಮಾಡಲಿಲ್ಲ. ಕಾರ್ಖಾನೆಯವರು ಹಾಕಿದ್ದ ಉಳಿದ ಮೇಣದ ಕಂಡೆನ್ಸರ್‌ಗಳನ್ನು ನೇರವಾಗಿ ಕಿತ್ತು ಹೊಸವು ಹಾಕಿದೆ. ಮೈಕಾ ಕಂಡೆನ್ಸರ್‌ಗಳನ್ನು ಮುಟ್ಟಲಿಲ್ಲ, ಅವು ಚೆನ್ನಾಗಿದ್ದವು.

ರೆಸಿಸ್ಟರ್‌ಗಳದ್ದು ಬೇರೆ ಕಥೆ. ಕರೆಂಟಿಗೆ ತಡೆಯೊಡ್ಡುವ ಈ ಹಳೇ ಕಾರ್ಬನ್ ರೆಸಿಸ್ಟರ್‌ಗಳ ಓಮ್ ಅಳತೆ ವರ್ಷ ಕಳೆದಂತೆ ಏರುತ್ತದೆ. 20 ಪರ್ಸೆಂಟ್‌ಗಿಂತ ಜಾಸ್ತಿ ಏರಿದವನ್ನು ತೆಗೆದೆ. ಒಂದು ಕಡೆ 150 ಕಿಲೋಓಮ್ ಇರಬೇಕಾದ ಜಾಗದಲ್ಲಿ ಎರಡು ರೆಸಿಸ್ಟರ್ ಒಂದಕ್ಕೊಂದು ಗಂಟು ಹಾಕಿದ್ದವು. ಒಂದು 100, ಇನ್ನೊಂದು 47. ಯಾವುದೋ ವರ್ಷ 150 ಸಿಕ್ಕಿರಲಿಕ್ಕಿಲ್ಲ. ಗದಗಕ್ಕೋ ಹುಬ್ಬಳ್ಳಿಗೋ ಹೋಗಿ ತರುವಷ್ಟು ಪುರಸೊತ್ತಿರಲಿಲ್ಲವೇನೋ. ಇದ್ದದ್ದರಲ್ಲೇ ಕೂಡಿಸಿ 147 ಮಾಡಿದ್ದರು. ಈಗ ಅಳೆದರೆ 162. ಹತ್ತು ಪರ್ಸೆಂಟ್ ಒಳಗೇ ಇದೆ. ಅದನ್ನು ಹಾಗೇ ಬಿಟ್ಟೆ. ಲೆಕ್ಕ ಸರಿಯಿರುವಾಗ ತೆಗೆಯಲು ನನಗೆ ಯಾವ ಕಾರಣವೂ ಕಾಣಲಿಲ್ಲ.

ಕರೆಂಟಿನ ಹಳೇ ಬಟ್ಟೆ ವೈರ್ ಮುಟ್ಟಿದರೆ ಪುಡಿಯಾಗುತ್ತಿತ್ತು. ಅದರಲ್ಲಿ ಭಾವನೆಗೆ ಜಾಗ ಇಲ್ಲ. ಮೂರು ತಂತಿಯ ಹೊಸ ವೈರ್ ಹಾಕಿ, ಚಾಸಿಗೆ ಅರ್ಥಿಂಗ್ ಕೊಟ್ಟು, ಒಂದು ಫ್ಯೂಸ್ ಸೇರಿಸಿದೆ. ಕಾಕು ಒಬ್ಬರೇ ಇರುವ ಮನೆಯಲ್ಲಿ ಇಡುವ ಸೆಟ್ ಇದು.

ವಾಲ್ವ್‌ಗಳಿಗೆ ಬೆಂಗಳೂರಿನಲ್ಲಿ ಓಡಾಡಿದೆ. ಎಸ್.ಪಿ. ರಸ್ತೆಯಲ್ಲಿ ಹತ್ತು ಅಂಗಡಿಯವರು ಇಲ್ಲ ಅಂದ ಮೇಲೆ ಹನ್ನೊಂದನೆಯವರು ಮೇಲಿನ ರ‍್ಯಾಕ್‌ನಿಂದ ದೂಳಿನ ಡಬ್ಬ ಇಳಿಸುತ್ತಾರೆ. ಭಾನುವಾರದ ಸಂಡೆ ಬಜಾರಿನಲ್ಲಿ ಕೆಲವು ಸಲ ಚಾಪೆಯ ಮೇಲೆ ಮೊಳೆ, ಬೀಗಗಳ ನಡುವೆ ಬಿದ್ದಿರುತ್ತವೆ. ನಮ್ಮ ಇಎಲ್ 84ರ ಗಾಜಿನ ಮೇಲೆ ಬಿಇಎಲ್ ಅಂತ ಇತ್ತು. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್‌ನದು. 1954ರಲ್ಲಿ ಶುರುವಾದ ಕಾರ್ಖಾನೆ, 1961ರಿಂದ ರೇಡಿಯೋ ವಾಲ್ವ್ ಮಾಡತೊಡಗಿತು. ನಾನು ಆ ಗೇಟಿನ ಮುಂದೆ ದಿನಾ ಬಸ್ಸಿನಲ್ಲಿ ಹೋಗುತ್ತಿದ್ದೆ. ಒಳಗೆ ಒಂದು ಕಾಲಕ್ಕೆ ಗಾಜು ಊದಿ, ಗಾಳಿ ಎಳೆದು, ದೇಶದ ರೇಡಿಯೋಗಳಿಗೆ ಜೀವ ಕೊಡುತ್ತಿದ್ದರು ಅಂತ ಗೊತ್ತೇ ಇರಲಿಲ್ಲ. ಅಲ್ಲಿ ಕೆಲಸ ಮಾಡಿದ ಕೈಗಳ ಬಗ್ಗೆ ಯಾರಾದರೂ ಕೂತು ಬರೆಯಬೇಕು ಅನಿಸುತ್ತದೆ. ಕೊನೆಗೆ ಬಿಇಎಲ್‌ನದೇ ಇನ್ನೂ ಡಬ್ಬಿ ಒಡೆಯದ ಇಸಿಎಚ್ 81 ಒಂದು ಸಿಕ್ಕಿತು. ಮ್ಯಾಜಿಕ್ ಐ ಮಂಕಾಗಿತ್ತು. ಅದಕ್ಕೆ ರಷ್ಯಾದ 6ಇ1ಪಿ ಹಾಕಿದೆ. ಅದೇ ಸಾಕೆಟ್‌ಗೆ ಕೂರುತ್ತದೆ, ಅದೇ ಹಸಿರು. ಉಳಿದ ವಾಲ್ವ್‌ಗಳೆಲ್ಲ ಹಳೆಯವೇ.

ಕರೆಂಟ್ ಕೊಡುವ ದಿನ ಬಂತು. ನೇರವಾಗಿ ಕೊಡಲಿಲ್ಲ. ಎಲೆಕ್ಟ್ರಿಷಿಯನ್‌ಗಳು ಇಟ್ಟುಕೊಳ್ಳುವ ಸೀರೀಸ್ ಬೋರ್ಡ್ ಮಾಡಿಕೊಂಡೆ. ಸೆಟ್‌ಗೆ ಹೋಗುವ ಕರೆಂಟ್ 60 ವ್ಯಾಟ್ ಬಲ್ಬ್ ಮೂಲಕ ಹೋಗಬೇಕು. ಎಲ್‌ಇಡಿ ನಡೆಯುವುದಿಲ್ಲ, ಹಳೇ ತಂತಿಯ ಬಲ್ಬೇ ಆಗಬೇಕು. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಸೆಟ್ ಉಳಿಯುತ್ತದೆ. ಮೊದಲು ಇಝಡ್ 80 ತೆಗೆದಿಟ್ಟು ಸ್ವಿಚ್ ಹಾಕಿದೆ. ಉಳಿದ ವಾಲ್ವ್‌ಗಳ ಹೀಟರ್ ಮೆಲ್ಲಗೆ ಕೆಂಪಾದವು. ಆಮೇಲೆ ಅದನ್ನೂ ಸಿಕ್ಕಿಸಿದೆ. ಬಲ್ಬ್ ಒಮ್ಮೆ ಹೊಳೆದು ಮಂಕಾಯಿತು. ಒಂದು ಕೈ ಜೇಬಿನಲ್ಲಿಟ್ಟು, ಇನ್ನೊಂದರಲ್ಲಿ ಮೀಟರ್ ಹಿಡಿದು ಒಂದೊಂದೇ ಅಳೆದೆ. ಎರಡೂ ಕೈ ಒಳಗೆ ಹಾಕಿದರೆ ಶಾಕ್ ಎದೆ ದಾಟಿ ಹೋಗುತ್ತದೆ. ಕಾಕಾ ಇದನ್ನು ಗದರಿಸಿ ಕಲಿಸಿದ್ದರು.

ಎಲ್ಲ ಸರಿ ಕಂಡ ಮೇಲೆ ಬಲ್ಬ್ ತೆಗೆದು ಪೂರ್ತಿ ಕರೆಂಟ್ ಕೊಟ್ಟೆ. ಕೆಂಪು ಪೆನ್ಸಿಲ್‌ನ 260 ಇದ್ದಲ್ಲಿ 268 ಬಂತು. ಕ್ಯಾಥೋಡ್ 7 ಇದ್ದಲ್ಲಿ 7.3. ಮನೆಯ ಕರೆಂಟ್ ಸ್ವಲ್ಪ ಜಾಸ್ತಿ ಇತ್ತು. ಸೆಟ್‌ನ ಹಿಂದೆ ಮನೆಯ ವೋಲ್ಟೇಜಿಗೆ ಹೊಂದಿಸುವ ಪಟ್ಟಿಯನ್ನು ಒಂದು ಮೆಟ್ಟಿಲು ಮೇಲಕ್ಕೆ ಹಾಕಿದಾಗ ಅಂಕಿಗಳು ಹತ್ತಿರಕ್ಕೆ ಬಂದವು. ಅಷ್ಟು ವರ್ಷದ ಹಿಂದೆ ಕಾಕಾ ಅಳೆದದ್ದಕ್ಕೂ ನಾನು ಅಳೆದದ್ದಕ್ಕೂ ತಾಳೆಯಾಗಿದ್ದು ನೋಡಿ ಕಣ್ಣು ತುಂಬಿತು. ಇನ್ನೂ ಧ್ವನಿ ಬಂದಿರಲಿಲ್ಲ, ಬರೀ ಅಂಕಿ ಅಷ್ಟೇ.

ಸ್ಪೀಕರ್ ಬಿಚ್ಚಿದಾಗ ಇನ್ನೊಂದು ಸಿಕ್ಕಿತು. ಕೋನ್ ಒಂದು ಕಡೆ ಹರಿದಿತ್ತು, ಹಳೇ ಹರಕು. ಅದಕ್ಕೆ ಕಾಕಾ ಕಾಗದದ ತೇಪೆ ಹಾಕಿದ್ದರು. ಯಾವುದೋ ಹುಡುಗನ ಉತ್ತರಪತ್ರಿಕೆಯ ತುಂಡು. ನೀಲಿ ಶಾಯಿಯಲ್ಲಿ "ಆಮ್ಲಜನಕ" ಅಂತ ಅರ್ಧ ಕಾಣುತ್ತದೆ, ಪಕ್ಕದಲ್ಲಿ ಕೆಂಪು ಶಾಯಿಯ ಸರಿ ಗುರುತು. ನಿಯಮದ ಪ್ರಕಾರ ತೆಳ್ಳನೆ ಟಿಶ್ಯೂ ಪೇಪರ್ ಮತ್ತು ನೀರು ಬೆರೆಸಿದ ಫೆವಿಕಾಲ್ ಬಳಸಬೇಕು. ದಪ್ಪ ಕಾಗದದಿಂದ ಕೋನ್ ಭಾರವಾಗುತ್ತದೆ. ನನಗೆ ಗೊತ್ತು. ಆದರೂ ಅದನ್ನು ತೆಗೆಯಲಿಲ್ಲ. ಅಂಚು ಎದ್ದಿದ್ದ ಕಡೆ ಅಂಟು ಸವರಿ ಒತ್ತಿದೆ. ಹೊಸದಾಗಿ ಬಿಟ್ಟಿದ್ದ ಬಿರುಕಿಗೆ ಮಾತ್ರ ಟಿಶ್ಯೂ ಹಚ್ಚಿದೆ. ಧ್ವನಿಯಲ್ಲಿ ವ್ಯತ್ಯಾಸ ಹುಡುಕುವವರಿಗೆ ಸಿಗಬಹುದು. ಕಾಕಾ ಕೇಳಿದ್ದು ಆ ತೇಪೆಯ ಮೂಲಕವೇ ಅಲ್ವಾ?

ಡಯಲ್ ದಾರ ಕಟ್ಟುವುದು ತಾಳ್ಮೆಯ ಕೆಲಸ. ಟ್ಯೂನಿಂಗ್ ಗುಬುಟಿನಿಂದ ಸ್ಟೇಷನ್ ಬದಲಿಸುವ ಗ್ಯಾಂಗ್ ಕಂಡೆನ್ಸರ್‌ನ ದೊಡ್ಡ ಚಕ್ರಕ್ಕೆ, ಅಲ್ಲಿಂದ ಪುಟ್ಟ ರಾಟೆಗಳ ಮೇಲೆ ಹಾದು, ಮುಳ್ಳನ್ನು ಹಿಡಿದುಕೊಂಡು ಮತ್ತೆ ಸ್ಪ್ರಿಂಗ್‌ಗೆ ಬರಬೇಕು. ಹಿಗ್ಗುವ ದಾರ ಆಗದು. ಹೆಣೆದ ನೈಲಾನ್ ದಾರ ಹಾಕಿದೆ. ಬೇಗ ಆಗುವ ಕೆಲಸವಲ್ಲ, ಅಷ್ಟೇ ಹೇಳಬಲ್ಲೆ.

ಮುಳ್ಳು ಕೂರಿಸುವಾಗ ಡಯಲ್ ಗಾಜಿನ ಒಳಬದಿಯಲ್ಲಿ ಅಂಟಿಸಿದ್ದ ಸಣ್ಣ ಕೆಂಪು ಕಾಗದದ ಬಾಣ ಕಂಡಿತು. ಅಕ್ಕಿ ಕಾಳಿಗಿಂತ ಚಿಕ್ಕದು. ಧಾರವಾಡದ ಜಾಗ. ಧಾರವಾಡ ಇರುವುದು 765 ಕಿಲೋಹರ್ಟ್ಸ್‌ನಲ್ಲಿ. ತರಂಗದ ಉದ್ದವನ್ನು ಮೀಟರ್‌ನಲ್ಲಿ ಹೇಳುವ ನಮ್ಮ ಹಳೇ ಡಯಲ್‌ನಲ್ಲಿ 392. ಕಾಕಾ ಬಾಣ ಹಚ್ಚಿದ್ದು ಅದಕ್ಕಿಂತ ಒಂದು ಕೂದಲೆಳೆ ಎಡಕ್ಕೆ.

ಈ ಜಾತಿಯ ರೇಡಿಯೋ ಸ್ಟೇಷನ್ನನ್ನು ನೇರವಾಗಿ ಹಿಡಿಯುವುದಿಲ್ಲ. ಒಳಗೆ ತನ್ನದೇ ಒಂದು ತರಂಗ ಹುಟ್ಟಿಸಿಕೊಳ್ಳುತ್ತದೆ. ಬಂದ ಸ್ಟೇಷನ್‌ಗೂ ಅದಕ್ಕೂ ಯಾವಾಗಲೂ 455 ಕಿಲೋಹರ್ಟ್ಸ್ ಅಂತರ. ಧಾರವಾಡ ಕೇಳಬೇಕಾದರೆ ಒಳಗಿನದು 1220ರಲ್ಲಿ ಓಡಬೇಕು. ಆ ತರಂಗ ಹುಟ್ಟಿಸುವ ಆಸಿಲೇಟರ್ ಕಾಯಿಲ್‌ನ ಕೋರ್ ಸ್ವಲ್ಪ ತಿರುಗಿಸಿದರೆ ಸ್ಟೇಷನ್ ಡಯಲ್ ಮೇಲೆ ಜರುಗುತ್ತದೆ. 455ರ ತರಂಗವನ್ನು ಮಾತ್ರ ಮುಂದೆ ಬಿಡುವ ಐಎಫ್ ಟ್ರಾನ್ಸ್‌ಫಾರ್ಮರ್‌ಗಳ ಕೋರ್ ಮೇಲೆ ಕಾಕಾ ಮೇಣದ ಹನಿ ಬಿಟ್ಟು ಮುಚ್ಚಿದ್ದರು. ಸಿಗ್ನಲ್ ಜನರೇಟರ್ ಹಚ್ಚಿ ನೋಡಿದೆ, 455ರ ಹತ್ತಿರವೇ ಇತ್ತು. ಮೇಣ ಒಡೆಯಲಿಲ್ಲ. ಆಸಿಲೇಟರ್ ಮಾತ್ರ ಜರುಗಿಸಬೇಕಾಯಿತು. ಗಾಜಿನ ಮೇಲೆ ಅಚ್ಚಾದ ಅಂಕಿಗೆ ಸರಿಮಾಡಲೋ, ಕಾಕಾ ಬಾಣಕ್ಕೆ ಸರಿಮಾಡಲೋ? ಬಾಣಕ್ಕೇ ಸರಿಮಾಡಿದೆ. ಆ ಕಡೆ ಬೆಂಗಳೂರು 612, ಈ ಕಡೆ ಕಲಬುರಗಿ 1107 ಅಚ್ಚಿನ ಅಂಕಿಯಿಂದ ಕೂದಲೆಳೆ ಆಚೀಚೆ ಬರುತ್ತವೆ. ಬರಲಿ.

ಕ್ಯಾಬಿನೆಟ್ ವಿಷಯದಲ್ಲಿ ನನಗೂ ಕಾಕುಗೂ ವಾದವಾಯಿತು. ಮೇಲೆ ಚಹಾ ಲೋಟ ಇಟ್ಟ ಬಿಳಿ ಕಲೆ, ಅಂಚಿನ ಗೀರುಗಳು, ಅದನ್ನೆಲ್ಲ ಹಾಗೇ ಬಿಡಬೇಕು, ಅದೇ ನೆನಪು ಅಂತ ನನ್ನ ವಾದ. ಕಾಕು ಒಪ್ಪಲೇ ಇಲ್ಲ. "ಕಲಿಯೊಳಗ ಏನೈತಿ ನೆನಪು? ಅವರಿದ್ದಾಗ ದೀಪಾವಳಿಗೊಮ್ಮೆ ವರಸಿ ವರಸಿ ಹೊಳಿಸ್ತಿದ್ರು. ಒಂದು ಗೀರು ಬಿದ್ರ ಮನಿ ಮಂದಿನೆಲ್ಲಾ ಬೈತಿದ್ರು. ಹಂಗ ಹೊಳಿಬೇಕದು." ಅವರ ಮಾತಿನಲ್ಲಿ ತೂಕ ಇತ್ತು. ಆ ಕಲೆಗಳು ರೇಡಿಯೋ ಮೂಲೆ ಸೇರಿದ ಮೇಲೆ ಬಿದ್ದವು. ಕಾಕಾ ಅದನ್ನು ಹಚ್ಚಿ ಕೇಳುತ್ತಿದ್ದ ದಿನಗಳದ್ದಲ್ಲ. ವೆನಿಯರ್ ಎದ್ದ ಕಡೆ ಅಂಟು ತೂರಿಸಿ, ಒದ್ದೆ ಬಟ್ಟೆ ಹಾಕಿ ಇಸ್ತ್ರಿ ಒತ್ತಿ ಕೂರಿಸಿದೆ. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಮಾಡುವ ಫ್ರೆಂಚ್ ಪಾಲಿಶ್ ಅನ್ನು ಊರಿನ ಬಡಿಗೇರರು ಬಟ್ಟೆಯುಂಡೆಯಿಂದ ಪದರ ಪದರವಾಗಿ ಹಚ್ಚಿಕೊಟ್ಟರು. ಈಗಿನ ಪಾಲಿಯುರೆಥೇನ್ ಬೇಡ ಅಂತ ನಾನು ಹಟ ಹಿಡಿದೆ. ಅರಗಾದರೆ ಮುಂದೆ ಯಾರು ಬೇಕಾದರೂ ಸ್ಪಿರಿಟ್‌ನಲ್ಲಿ ಒರೆಸಿ ಮತ್ತೆ ಹಚ್ಚಬಹುದು.

ಪುಣೆಯಲ್ಲಿರುವ ಕಾಕಾ ಮಗ, ನನ್ನ ತಮ್ಮ, ಒಳಗೊಂದು ಬ್ಲೂಟೂತ್ ಕೂರಿಸಿಬಿಡು ಅಂದ. ಬೇಕಾದಷ್ಟು ಜನ ಹಾಗೆ ಮಾಡುತ್ತಾರೆ. ವಾಲ್ವ್ ಎಲ್ಲ ಕಿತ್ತು ಹೊಸ ಬೋರ್ಡ್ ಹಾಕಿ ಮಾರುವವರೂ ಇದ್ದಾರೆ. ನನಗೆ ಅದು ಮನಸ್ಸಿಗೆ ಬರುವುದಿಲ್ಲ. ಅದರ ಅಗತ್ಯವೂ ಇಲ್ಲ. ಈ ಸೆಟ್‌ಗಳ ಹಿಂದೆ ಗ್ರಾಮೋಫೋನ್ ಸಿಕ್ಕಿಸಲು ಎರಡು ತೂತು ಇರುತ್ತವೆ. ಫೋನಿನ ಎಡ ಬಲ ಎರಡೂ ಚಾನೆಲ್‌ಗಳನ್ನು ರೆಸಿಸ್ಟರ್ ಮೂಲಕ ಒಂದುಮಾಡಿ, ಮಧ್ಯೆ ಕಂಡೆನ್ಸರ್ ಇಟ್ಟು, ಅಲ್ಲಿ ಕೊಟ್ಟರೆ ಸಾಕು. ಟ್ರಾನ್ಸ್‌ಫಾರ್ಮರ್ ಇರುವ, ಅರ್ಥಿಂಗ್ ಕೊಟ್ಟ ಸೆಟ್‌ಗೆ ಮಾತ್ರ ಹೀಗೆ ಮಾಡಬೇಕು. ಒಂದು ಸ್ಕ್ರೂ ಕೂಡ ಬಿಚ್ಚಬೇಕಿಲ್ಲ. ಮನಸೂರರು ಹಾಡಿದ ವಚನಗಳನ್ನು ಈಗ ಕಾಕು ಅದರಲ್ಲೂ ಕೇಳುತ್ತಾರೆ.

ಮುಂಡರಗಿಗೆ ಒಯ್ದು ಪಡಸಾಲೆಯಲ್ಲಿ ಇಟ್ಟು ಹಚ್ಚಿದಾಗ ಮೊದಲು ಬಂದಿದ್ದು ಬರೀ ಗೊರಗೊರ ಸದ್ದು. ತಪ್ಪು ರೇಡಿಯೋದ್ದಲ್ಲ. ಎಲ್‌ಇಡಿ ಬಲ್ಬ್, ಫೋನ್ ಚಾರ್ಜರ್, ಇನ್ವರ್ಟರ್, ಇವೆಲ್ಲ ಮೀಡಿಯಂ ವೇವ್‌ಗೆ ಶತ್ರುಗಳು. ಒಂದೊಂದೇ ಆರಿಸುತ್ತಾ ಬಂದೆ. ಮಾಳಿಗೆಯ ಮೇಲೆ ಉದ್ದಕ್ಕೆ ತಂತಿ ಎಳೆದು ಏರಿಯಲ್ ಕೊಟ್ಟೆ. ಮುಳ್ಳನ್ನು ಕೆಂಪು ಬಾಣಕ್ಕೆ ತಂದಾಗ ಮ್ಯಾಜಿಕ್ ಐ ಅರಳಿತು. ಧಾರವಾಡ ಬಂತು, ಸಂಜೆಯ ಕೃಷಿರಂಗ. ಕಾಕು ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು ಎರಡು ನಿಮಿಷ ಕೇಳಿದರು. ಆಮೇಲೆ ಹೇಳಿದ್ದು: "ಇಷ್ಟ ಜೋರ ಬ್ಯಾಡ. ಆ ಟೋನ್ ಎಡಕ್ಕ ತಿರುವು. ಅವರು ಅಲ್ಲೇ ಇಡ್ತಿದ್ರು." ತಿರುಗಿಸಿದೆ. ನಿಜ, ತೇಪೆ ಹಾಕಿದ ಸ್ಪೀಕರ್‌ಗೆ ಅದೇ ಸರಿಯಾದ ಜಾಗ.

ಕಾಕು ಈಗ ವಾರಕ್ಕೆ ಎರಡು ಮೂರು ಸಲ ಹಚ್ಚುತ್ತಾರೆ. ಹಾಗೆ ಹಚ್ಚುತ್ತಿದ್ದರೆ ಕಂಡೆನ್ಸರ್‌ಗಳಿಗೂ ಒಳ್ಳೆಯದು. ನಾನು ಬದಲಾಯಿಸಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಹಿಂದಿನ ರಟ್ಟಿನ ಒಳಬದಿಗೆ ಅಂಟಿಸಿದ್ದೇನೆ. ಚಾಸಿಯಲ್ಲಿ ಕಾಕಾ ಬರೆದ 260ರ ಪಕ್ಕ ನನ್ನ ಅಂಕಿಯನ್ನೂ ವರ್ಷವನ್ನೂ ಪೆನ್ಸಿಲ್‌ನಿಂದಲೇ ಬರೆದೆ. ಇನ್ನೂ ಒಂದು ಕೆಲಸ ಬಾಕಿ. ಶಾರ್ಟ್‌ವೇವ್‌ನ ಎರಡನೇ ಬ್ಯಾಂಡ್, ಒಂದು ಕಾಲಕ್ಕೆ ಶ್ರೀಲಂಕಾದ ರೇಡಿಯೋ ಸಿಲೋನ್ ಬರುತ್ತಿದ್ದದ್ದು, ಬ್ಯಾಂಡ್ ಸ್ವಿಚ್ ಅಲ್ಲಾಡಿಸಿದರೆ ಮಾತ್ರ ಬರುತ್ತದೆ. ಸ್ವಿಚ್‌ನ ಹಿತ್ತಾಳೆ ಎಲೆಗಳಲ್ಲಿ ಒಂದು ಸವೆದಿದೆ. ಅದೇ ಥರದ್ದು ಹುಬ್ಬಳ್ಳಿಯ ಹಿರಿಯರ ಹತ್ತಿರ ಇದೆಯಂತೆ. ದೀಪಾವಳಿಗೆ ಊರಿಗೆ ಹೋಗುವಾಗ ಇಸಿದುಕೊಂಡು ಹೋಗಬೇಕು.